ಹೆರಿಗೆ ಮಿಸ್ಸು ಓದಿದ ತತ್ತ್ವಶಾಸ್ತ್ರ

ಅರವತ್ತು ತುಂಬಿ ನಿವೃತ್ತಳಾದ ದಿನ, ಕೊಲಂಬೊದಾಚೆ ಬೆಟ್ಟದ ಸೀಮೆಯಲ್ಲಿರುವ ಗಂಪೊಲದ ಆರೋಗ್ಯ ಕಚೇರಿಯವರು ಬಿಸೋಮೆಣಿಕೆಗೆ ಒಂದು ಗೋಡೆ ಗಡಿಯಾರ ಕೊಟ್ಟರು, ಒಂದು ಸೀರೆ ಕೊಟ್ಟರು, ಮೂರು ಭಾಷಣ ಮಾಡಿದರು. ಮೂರರಲ್ಲೂ 'ಇನ್ನು ಮೇಲೆ ಹಾಯಾಗಿ ಮನೆಯಲ್ಲಿರಲಿ' ಎಂಬ ಮಾತು ಬಂತು. ನಲವತ್ತು ವರ್ಷ ಕೈಚೀಲ ಹಿಡಿದು ಟೀ ತೋಟದ ಮೆಟ್ಟಿಲು ಹತ್ತಿ ಇಳಿದು, ನಾಲ್ಕು ಸಾವಿರ ಚಿಲ್ಲರೆ ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡ ಹೆಂಗಸು ಅವಳು. ಆ ಸೀಮೆಯಲ್ಲಿ ಹೆರಿಗೆ ಮಿಸ್ಸು ಎಂದರೆ ಬಿಸೋ ಮಿಸ್ಸೇ. ಭಾಷಣಗಳು ಮುಗಿದ ಮೇಲೆ ಅವಳು ಎದ್ದು ನಿಂತು ಕೈಮುಗಿದಳು.

"ಮನೇಲಿ ಇರಕ್ಕೆ ಪುರುಸೊತ್ತಿಲ್ಲ. ಯೂನಿವರ್ಸಿಟಿಗೆ ಅರ್ಜಿ ಹಾಕಿದೀನಿ. ತತ್ತ್ವಶಾಸ್ತ್ರ, ಜೊತೆಗೆ ಧರ್ಮಗಳ ಅಧ್ಯಯನ."

ತಮಾಷೆ ಇರಬೇಕೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಗಂಡ ತಿಲಕರತ್ನ ಚಪ್ಪಾಳೆ ತಟ್ಟಲಿಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿ ಹಸಿರು ಬಾವುಟ, ಕೆಂಪು ಬಾವುಟ ಬೀಸಿಯೇ ಆಯುಷ್ಯ ಕಳೆದ ಮನುಷ್ಯ. ಬೆಲ್ಲದ ತುಂಡು ಕಚ್ಚಿಕೊಂಡು ಕರಿ ಟೀ ಹೀರುತ್ತ, "ನಿನ್ನ ವಯಸ್ಸಿನವರೆಲ್ಲ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗಿ ಕಣ್ಣು ಮುಚ್ಚಿ ಕೂತು ಬರ್ತಾರೆ. ನೀನು ನೋಡಿದರೆ ಪರೀಕ್ಷೆ ಬರೀತೀನಿ ಅಂತೀಯ. ನಿರ್ವಾಣಕ್ಕೂ ಮಾರ್ಕ್ಸ್ ಕೊಡ್ತಾರೇನೇ?" ಎಂದ.

"ಕೊಟ್ಟರೆ ನಿಮಗೆ ಸೊನ್ನೆ ಗ್ಯಾರಂಟಿ," ಎಂದಳು ಬಿಸೋ.

ಹದಿನೆಂಟನೇ ವಯಸ್ಸಿನಲ್ಲಿ ಅವಳು ಯೂನಿವರ್ಸಿಟಿ ಸೇರಲು ಬೇಕಾದ ದೊಡ್ಡ ಪರೀಕ್ಷೆ ಪಾಸು ಮಾಡಿದ್ದಳು. ಅದೇ ವರ್ಷ ಅಪ್ಪ ಹಾಸಿಗೆ ಹಿಡಿದ. ಬೇಗ ಕೆಲಸ ಸಿಗುವ ತರಬೇತಿ ಯಾವುದಿದೆಯೋ ಅದಕ್ಕೆ ಸೇರಿಕೊಂಡಳು. ಆದರೆ ಆಗ ಇಲ್ಲದ ಪ್ರಶ್ನೆಗಳು ಕೆಲಸದಲ್ಲಿ ಹುಟ್ಟಿದವು. ಮಗು ಹೊರಗೆ ಬಂದ ಮೇಲೆ, ಅಳುವುದಕ್ಕೆ ಮುಂಚೆ, ಒಂದು ಗಳಿಗೆ ಇರುತ್ತದೆ. ಕೋಣೆಯಲ್ಲಿ ಯಾರೂ ಉಸಿರಾಡುವುದಿಲ್ಲ. ಆ ಗಳಿಗೆಯನ್ನು ಅವಳು ನಾಲ್ಕು ಸಾವಿರ ಸಲ ದಾಟಿದ್ದಳು. ಬಂದವರು ಯಾರು, ಎಲ್ಲಿಂದ ಬಂದರು ಎಂದು ಊರಿನ ಹಿರಿಯ ಭಿಕ್ಷುವನ್ನು ಕೇಳಿದರೆ ಕರ್ಮ ಎಂದರು. ಮಸೀದಿಯವರು ದೇವರು ಊದಿದ ಉಸಿರು ಎಂದರು. ತೋಟದ ಕೂಲಿಗಳ ಲೈನು ಮನೆಯ ಮುದುಕಿ, ಸತ್ತ ಅತ್ತೆಯೇ ತಿರುಗಿ ಬಂದಳು ಎಂದು ಮಗುವಿನ ಕಿವಿ ಹಿಡಿದು ತೋರಿಸಿದಳು. ಎಲ್ಲರಿಗೂ ಗೊತ್ತಿತ್ತು. ಬಿಸೋಗೆ ತೊಡಕಾದದ್ದೇ ಅದು.

ಶನಿವಾರ, ಭಾನುವಾರ ಪಾಠ ನಡೆಯುವ ತರಗತಿ ಅದು, ಕೆಲಸದಲ್ಲಿರುವವರಿಗೆ. ಮೊದಲ ದಿನ ಬಿಸೋ ಹೊಸ ಸೀರೆ ಉಟ್ಟು ಒಳಗೆ ಕಾಲಿಟ್ಟಳು. ಎಂಬತ್ತು ಹುಡುಗ ಹುಡುಗಿಯರು ದಡಬಡನೆ ಎದ್ದು ನಿಂತರು. ಪ್ರೊಫೆಸರ್ ಬಂದರೆಂದುಕೊಂಡಿದ್ದರು.

"ಕೂತ್ಕೊಳ್ರಪ್ಪಾ, ನಾನೂ ನಿಮ್ಮ ಹಂಗೇನೇ," ಎಂದು ಅವಳು ಹಿಂದಿನ ಬೆಂಚು ಹುಡುಕಿದಳು.

ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆ ಹಾಸಿದ ಕುರ್ಚಿಗಳ ಮೇಲೆ ಏಳೆಂಟು ಯುವ ಭಿಕ್ಷುಗಳಿದ್ದರು. ಭಿಕ್ಷುಗಳನ್ನು ಆ ಕಡೆ ಕರೆಯುವುದು ಹಾಮುದುರು ಎಂದು; ಅವರನ್ನು ಕಂಡರೆ ನಮಸ್ಕರಿಸದೆ ಮುಂದೆ ಹೋಗುವ ರೂಢಿ ಅವಳಿಗಿಲ್ಲ. ಬಗ್ಗಿ ಕೈಮುಗಿದು ಏಳುವಾಗ ಕೊನೆಯ ಕುರ್ಚಿಯವರ ಪುಸ್ತಕದ ಮೇಲೆ ಊರ ಹೆಸರು ಸೇರಿಸಿ 'ಉಲಪನೆ ಸುಮೇಧ' ಎಂದು ಬರೆದದ್ದು ಕಂಡಿತು. ಅವಳು ಆ ಮುಖ ನೋಡಿದಳು. ಮೂಗು ನೋಡಿದಳು.

"ಹಾಮುದುರು ಉಲಪನೆಯಲ್ಲಿ ಯಾವ ಮನೆ?"

"ಟೀ ಫ್ಯಾಕ್ಟರಿ ಲಾರಿ ಡ್ರೈವರ್ ಸಿರಿಸೇನರ ಮನೆ."

"ಅಯ್ಯೋ! ಲಾರೀಲಿ ಹುಟ್ಟಿದ ಮಗು!" ಎಂದುಬಿಟ್ಟಳು ಬಿಸೋ. "ಆಸ್ಪತ್ರೆ ಗೇಟಿಗೆ ಇನ್ನು ಎರಡು ಮೈಲಿ ಇತ್ತು. ಕಾಯಲಿಲ್ಲ. ಅಳಲಿಲ್ಲ ಅಂತ ನಾನೇ ಅಂಡಿಗೆ ಎರಡು ಕೊಟ್ಟೆ."

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಸುಮೇಧರ ಮುಖ ಹೊದ್ದ ಚೀವರದ ಬಣ್ಣಕ್ಕೆ ತಿರುಗಿತು. ಬಿಸೋ ನಾಲಿಗೆ ಕಚ್ಚಿಕೊಂಡು ಇನ್ನೊಮ್ಮೆ ಕೈಮುಗಿದು ಹಿಂದಕ್ಕೆ ಓಡಿದಳು.

ಡಾಕ್ಟರ್ ವಿಜೇಬಂಡಾರ ಪಾಠ ಮಾಡುತ್ತಿದ್ದವರು. ಕಡ್ಡಿಯಂಥ ಮನುಷ್ಯ, ಸೀಮೆಸುಣ್ಣ ತುಂಬಿದ ಜೇಬು. ಮೂರನೇ ವಾರ ಅವರು ಅನಾತ್ಮವಾದ ಬಿಡಿಸಿ ಹೇಳುತ್ತ, ಒಂದು ಜನ್ಮದ ಪ್ರಜ್ಞೆಯ ಹರಿವು ಇನ್ನೊಂದು ಗರ್ಭದಲ್ಲಿ ಮುಂದುವರಿಯುತ್ತದೆ ಎನ್ನುವ ಹೊತ್ತಿಗೆ ಹಿಂದಿನಿಂದ ಒಂದು ಕೈ ಎದ್ದಿತು.

"ಸರ್, ಅವಳಿಗಳ ವಿಷಯ ಏನು?"

"ಯಾವ ಅವಳಿ?"

"ಒಂದೇ ಅಚ್ಚಿನವು. ಮೊದಲು ಒಂದೇ ಪಿಂಡ ಇರುತ್ತೆ, ಕೆಲವು ದಿನ ಆದ ಮೇಲೆ ಒಡೆದು ಎರಡಾಗುತ್ತೆ. ಹರಿವು ಇಳಿದಾಗ ಒಬ್ಬರದೇ ಇಳಿಯಿತೋ ಇಬ್ಬರದೋ? ಒಬ್ಬರದೇ ಅಂದರೆ ಎರಡನೇ ಮಗು ಯಾರ ಕರ್ಮ ಅನುಭವಿಸುತ್ತೆ? ಇಬ್ಬರದು ಅಂದರೆ, ಒಡೆಯೋ ತನಕ ಇಬ್ಬರೂ ಒಂದೇ ಪಿಂಡದಲ್ಲಿ ಏನು ಮಾಡ್ತಿದ್ದರು? ನಾನು ಅಂಥ ಮೂವತ್ತೊಂದು ಜೋಡಿ ಎತ್ತಿದೀನಿ ಸರ್. ಒಂದು ಜೋಡೀಲಿ ಒಬ್ಬ ಪೊಲೀಸು, ಇನ್ನೊಬ್ಬ ಕಳ್ಳಬಟ್ಟಿ ಕಾಯಿಸ್ತಾನೆ."

ವಿಜೇಬಂಡಾರರು ಸೀಮೆಸುಣ್ಣವನ್ನು ಜೇಬಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಮುಂದಿನ ವಾರ ಹೇಳ್ತೀನಿ," ಎಂದರು.

ಮುಂದಿನ ವಾರ ನಾಲ್ಕು ಪುಸ್ತಕ ಹೊತ್ತು ತಂದರು. ಒಂದು ಗಂಟೆ ಹೊತ್ತು ಯಾರು ಯಾರು ಏನೇನು ಉತ್ತರ ಕೊಡಬಹುದು, ಆ ಉತ್ತರಗಳು ಎಲ್ಲೆಲ್ಲಿ ಸೋರುತ್ತವೆ ಎಂದು ತೋರಿಸಿದರು. ಕೊನೆಗೆ ಪುಸ್ತಕ ಮುಚ್ಚಿ, "ನನಗೆ ಗೊತ್ತಿಲ್ಲ ಬಿಸೋಮೆಣಿಕೆ," ಎಂದರು. ಆ ಮಾತನ್ನು ಇಷ್ಟು ವರ್ಷದಲ್ಲಿ ಯಾರ ಬಾಯಿಂದಲೂ ಕೇಳಿರದ ಬಿಸೋಗೆ ಖುಷಿಯಿಂದ ಎದೆ ತುಂಬಿತು. ಬಸ್ಸಿನಲ್ಲಿ ಇಡೀ ದಾರಿ ನಗುತ್ತ ಮನೆಗೆ ಬಂದಳು.

ಆ ಖುಷಿ ಮೊದಲ ಪರೀಕ್ಷೆವರೆಗೆ ಬಾಳಿತು. ಎಲ್ಲ ಪತ್ರಿಕೆಗಳಲ್ಲಿ ಒಳ್ಳೆಯ ಅಂಕ. ತರ್ಕಶಾಸ್ತ್ರದಲ್ಲಿ ನೂರಕ್ಕೆ ಇಪ್ಪತ್ತೆಂಟು. ಉತ್ತರ ಪತ್ರಿಕೆಯನ್ನು ಮೇಜಿನ ಮೇಲೆ ಎಸೆದು ಬಿಸೋ ಅಡುಗೆಮನೆ ಸೇರಿದಳು. ತೆಂಗಿನಕಾಯಿ ತುರಿಯುವ ಸದ್ದು ಮನೆ ಅದುರುವಂತೆ ಬರತೊಡಗಿತು.

ತಿಲಕರತ್ನ ಕನ್ನಡಕ ಏರಿಸಿ ಪತ್ರಿಕೆ ನೋಡಿದ. "ಇದೇನೇ ಇದು? ಪಿ ಆದರೆ ಕ್ಯೂ. ಕ್ಯೂ ಆಗಿದೆ. ಆದ್ದರಿಂದ ಪಿ. ಇದಕ್ಕೆ ಸರಿ ಅಂತ ಬರೆದಿದೀಯಲ್ಲೇ."

"ಪಿ ಅಂದರೆ ಯಾರು ಅಂತಾನೇ ಹೇಳಲ್ಲ. ಹೆಸರಿಲ್ಲ, ಊರಿಲ್ಲ. ಸರಿಯೋ ತಪ್ಪೋ ಹೆಂಗೆ ಹೇಳಲಿ?"

"ಬಾ ಇಲ್ಲಿ. ಸಿಗ್ನಲ್ ಕೆಂಪಿದ್ದರೆ ರೈಲು ನಿಲ್ಲುತ್ತೆ. ಹೌದಾ?"

"ಹೌದು."

"ರೈಲು ನಿಂತಿದೆ. ಸಿಗ್ನಲ್ ಕೆಂಪಿತ್ತು ಅಂತ ಬರೀಬಹುದಾ?"

ಬಿಸೋ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಬರೀಬಹುದು."

"ನಾನೂ ಹಂಗೇ ಬರೆದೆ, ಕೆಲಸಕ್ಕೆ ಸೇರಿದ ವರ್ಷ. ತಿರುವಿನಲ್ಲಿ ಗಾಡಿ ನಿಂತಿತು. ಇಳಿದು ನೋಡೋದು ಬಿಟ್ಟು ಸಿಗ್ನಲ್ ಕೆಂಪು ಅಂತ ವರದಿ ಬರೆದೆ. ನಿಜವಾಗಿ ಹಳಿ ಮೇಲೆ ಎಮ್ಮೆ ಮಲಗಿತ್ತು. ವಿಚಾರಣೆಗೆ ಕರೆಸಿ ಎರಡು ಗಂಟೆ ನಿಲ್ಲಿಸಿ ಉಗಿದರು. ನಿಲ್ಲೋದಕ್ಕೆ ಕೆಂಪು ಒಂದೇ ಕಾರಣ ಅಲ್ಲ ಕಣೇ, ಎಮ್ಮೆನೂ ಇರುತ್ತೆ!"

ಬಿಸೋ ಅಲ್ಲೇ ಕುರ್ಚಿ ಎಳೆದು ಕೂತಳು. "ಅಂದರೆ ಆ ಪತ್ರಿಕೆ ತುಂಬ ಎಮ್ಮೆಗಳಿದ್ದವಾ?"

"ಹನ್ನೆರಡಿವೆ, ಎಣಿಸಿದೆ."

ಅಂದಿನಿಂದ ಗಂಪೊಲದ ಆ ಪುಟ್ಟ ಮನೆ ತರ್ಕಶಾಸ್ತ್ರದ ಪಾಠಶಾಲೆಯಾಯಿತು. ಸುದ್ದಿ ತರಗತಿಗೆ ಮುಟ್ಟಿ, ತರ್ಕದಲ್ಲಿ ಬಿಸೋಗಿಂತ ಒಂದೇ ಅಂಕ ಹೆಚ್ಚು ಪಡೆದಿದ್ದ ಸಿಫಾಯಾ ಎಂಬ ಶಾಲಾ ಟೀಚರ್ ಹುಡುಗಿ ರಜೆಯ ದಿನ ಬರತೊಡಗಿದಳು. ಸುಮೇಧ ಹಾಮುದುರು ಕೂಡ ಇನ್ನೊಬ್ಬ ಭಿಕ್ಷುವಿನ ಜೊತೆ ಬಂದರು. ಭಿಕ್ಷುಗಳು ಮಧ್ಯಾಹ್ನದ ಮೇಲೆ ಉಣ್ಣುವಂತಿಲ್ಲವಾದ್ದರಿಂದ ಬಿಸೋ ಹತ್ತಕ್ಕೆಲ್ಲ ಎಳೆ ಹಲಸಿನಕಾಯಿ ಪಲ್ಯ, ಬೇಳೆ, ಅನ್ನ ಸಿದ್ಧ ಮಾಡುತ್ತಿದ್ದಳು. ಹನ್ನೆರಡರೊಳಗೆ ಊಟದ ದಾನ, ಆಮೇಲೆ ದಾನ ಪಡೆದವರಿಗೆ ತಿಲಕರತ್ನನ ಪಾಠ. ಎರಡು ಬಾವುಟಗಳನ್ನು ಅಟ್ಟದಿಂದ ಇಳಿಸಿಕೊಂಡಿದ್ದ. ನಿಜಕ್ಕೆ ಹಸಿರು, ಸುಳ್ಳಿಗೆ ಕೆಂಪು.

"ಅಂಕಲ್, ನೀವು ಯೂನಿವರ್ಸಿಟೀಲಿ ಇರಬೇಕಿತ್ತು," ಎಂದಳು ಸಿಫಾಯಾ.

"ಈ ವಾಕ್ಯಕ್ಕೆ ಆಧಾರ ಏನು?" ಎಂದ ತಿಲಕರತ್ನ. ಈಗ ಮೀನು ಮಾರುವವನನ್ನೂ ಅವನು ಆಧಾರ ಕೇಳುತ್ತಿದ್ದ.

ಎರಡನೇ ಸಲ ಬಿಸೋಗೆ ತರ್ಕದಲ್ಲಿ ಅರವತ್ತೊಂದು ಬಂತು.

ಕೊನೆಯ ವರ್ಷ ಪ್ರಬಂಧ ಬರೆಯಬೇಕಿತ್ತು. ಏನು ಬರೆಯಲಿ ಎಂದು ಬಿಸೋ ತಿಂಗಳುಗಟ್ಟಲೆ ತಲೆ ಕೆರೆದುಕೊಂಡಳು. ಒಂದು ದಿನ ಪಾಠ ಮುಗಿಸಿ ಎಲ್ಲರೂ ಹೊರಟ ಮೇಲೆ ಸುಮೇಧರು ಮೆಟ್ಟಿಲ ಬಳಿ ನಿಂತರು. ಕೇಳಲೋ ಬೇಡವೋ ಎನ್ನುವಂತೆ ಕೊಡೆಯನ್ನು ಬಿಚ್ಚಿ ಮಡಚಿದರು.

"ಅಮ್ಮ, ನನಗೆ ಎಂಟು ವರ್ಷಕ್ಕೆ ತಾಯಿ ಹೋದರು. ಆ ದಿನ, ಲಾರೀಲಿ, ಅವರು ನನ್ನ ನೋಡಿ ಏನಾದರೂ ಅಂದರಾ?"

ಬಿಸೋಗೆ ಲಾರಿಯ ಹಲಗೆ, ಟೀ ಸೊಪ್ಪಿನ ಹಸಿ ವಾಸನೆ, ಬೆವರಿದ ಆ ಹುಡುಗಿಯ ಮುಖ ಎಲ್ಲ ಕಣ್ಣ ಮುಂದೆ ಬಂತು. "ಅಂದಳು. ನಿಮ್ಮನ್ನ ಎದೆ ಮೇಲೆ ಮಲಗಿಸಿದೆ. ಬಗ್ಗಿ ನೋಡಿದಳು. 'ಅಯ್ಯೋ, ಮೂಗು ಅವರಪ್ಪಂದೇ, ಪಾಪ. ಇರಲಿ ಬಿಡು ಮಗಾ, ನಾನಿದೀನಲ್ಲ' ಅಂದಳು."

ಸುಮೇಧರು ತಮ್ಮ ಮೂಗು ಮುಟ್ಟಿಕೊಂಡರು. ನಕ್ಕರು, ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. ಕೊಡೆಯನ್ನು ಮರೆತು ಹೋದರು.

ಅವರು ಹೋದ ಮೇಲೆ ಬಿಸೋ ಆ ಕೊಡೆಯನ್ನು ಒಳಗೆ ತಂದು ಮೂಲೆಗೆ ನಿಲ್ಲಿಸಿದಳು. ಹುಟ್ಟಿದ ಮಗುವಿಗೆ ಮಾತು ತಿಳಿಯದು. ಆದರೂ ಪ್ರತಿ ಮನೆಯಲ್ಲೂ ಅದಕ್ಕೆ ಮೊದಲು ಏನೋ ಹೇಳುತ್ತಾರೆ. ಯಾಕೆ?

ಇದನ್ನೇ ಪ್ರಬಂಧ ಮಾಡುತ್ತೇನೆಂದು ವಿಜೇಬಂಡಾರರಿಗೆ ಹೇಳಿದರೆ ಅವರು ಅಡ್ಡಡ್ಡ ತಲೆ ಆಡಿಸಿದರು. "ಅವರು ಇದನ್ನ ಹೇಳ್ತಾರೆ, ಇವರು ಅದನ್ನ ಹೇಳ್ತಾರೆ ಅಂತ ಪಟ್ಟಿ ಮಾಡಿದರೆ ಅದು ತತ್ತ್ವಶಾಸ್ತ್ರ ಆಗಲ್ಲ. ಆ 'ಯಾಕೆ'ಗೆ ಒಂದು ವಾದ ಬೇಕು. ಹುಡುಕಿಕೊಂಡು ಬನ್ನಿ."

ಬಿಸೋ ಮತ್ತೆ ಕೈಚೀಲ ಹೆಗಲಿಗೇರಿಸಿದಳು. ಈ ಸಲ ಅದರಲ್ಲಿ ಇದ್ದದ್ದು ಒಂದು ನೋಟುಪುಸ್ತಕ. ಹಳೆಯ ಮನೆಗಳನ್ನೆಲ್ಲ ಹತ್ತಿ ಇಳಿದಳು. ತಾಯಿಯ ಹಾಲಿನಲ್ಲಿ ಚಿನ್ನ ತೇಯ್ದು ನಾಲಿಗೆಗೆ ಮುಟ್ಟಿಸುವವರು ಆಗ ಹೇಳುವ ಹಾರೈಕೆ ಬರೆದುಕೊಂಡಳು. ದೃಷ್ಟಿ ತಾಗದಿರಲಿ ಎಂದು ಕಸ, ಕೊಳಕು ಎಂದು ಮಗುವನ್ನು ಕೂಗುವ ತೋಟದ ಅಜ್ಜಿಯರ ಮಾತು ಬರೆದುಕೊಂಡಳು. ಹೋದಲ್ಲೆಲ್ಲ ಊಟ ಹಾಕದೆ ಕಳಿಸಲಿಲ್ಲ. ಎರಡು ತಿಂಗಳಲ್ಲಿ ನೋಟುಪುಸ್ತಕವೂ ತುಂಬಿತು, ಅವಳೂ ತುಂಬಿಕೊಂಡಳು. ವಾದ ಮಾತ್ರ ಸಿಗಲಿಲ್ಲ.

ಕೊನೆಗೆ ಸಿಕ್ಕಿದ್ದು ಬಟ್ಟೆ ಅಂಗಡಿಯ ಮರಿಕ್ಕಾರ್ ಅಜ್ಜನ ಹತ್ತಿರ. ಹನ್ನೊಂದು ಮೊಮ್ಮಕ್ಕಳ ಬಲಗಿವಿಯಲ್ಲಿ ಬಾಂಗು ಹೇಳಿದ್ದ ಮುದುಕ. ಅವುಗಳಲ್ಲಿ ಒಂಬತ್ತನ್ನು ಬಿಸೋಳೇ ಎತ್ತಿ ಅವನ ಕೈಗೆ ಕೊಟ್ಟಿದ್ದಳು.

"ಮಗೂಗೆ ಅರ್ಥ ಆಗುತ್ತಾ ಅಜ್ಜ?"

"ಎಲ್ಲಿ ಆಗುತ್ತೆ? ಅದರ ಕಿವೀಲಿ ಇನ್ನೂ ನೀರಿರುತ್ತೆ."

"ಮತ್ತೆ ಯಾರಿಗೆ ಹೇಳ್ತೀರಿ?"

ಅಜ್ಜ ಅಳತೆ ಕೋಲು ಕೆಳಗಿಟ್ಟ. "ನನಗೇ ಹೇಳ್ಕೋತೀನಿ ಮಿಸ್. ಇವನನ್ನ ಈ ಮಾತಿನ ದಾರೀಲಿ ಬೆಳೆಸ್ತೀನಿ ಅಂತ ಹತ್ತು ಜನರ ಮುಂದೆ ಬಾಯಿ ಬಿಟ್ಟು ಹೇಳಿದ ಮೇಲೆ ತಪ್ಪಿಸಿಕೊಳ್ಳಕ್ಕಾಗುತ್ತಾ? ಅವನು ಕೇಳಿಸಿಕೊಳ್ಳದಿದ್ದರೆ ಏನಂತೆ, ನಾನು ಕೇಳಿಸಿಕೊಂಡೆನಲ್ಲ."

ಬಿಸೋ ಪೆನ್ನು ಹುಡುಕಿ, ತುಂಬಿದ ನೋಟುಪುಸ್ತಕದ ರಟ್ಟಿನ ಮೇಲೆ ಬರೆದುಕೊಂಡಳು. ಮೊದಲ ಮಾತು ಮಗುವಿಗೆ ಕೊಡುವ ಸುದ್ದಿಯಲ್ಲ, ಹೇಳುವವರು ತಮ್ಮನ್ನೇ ಕಟ್ಟಿಹಾಕಿಕೊಳ್ಳುವ ಮಾತು. ಲಾರಿಯಲ್ಲಿ ಆ ತಾಯಿ 'ನಾನಿದೀನಲ್ಲ' ಎಂದದ್ದೂ ಇದೇ. ಬಂದವರು ಯಾರೆಂದು ಧರ್ಮ ಧರ್ಮಗಳ ನಡುವೆ ಜಗಳವಿರಬಹುದು, ಬಂದವರನ್ನು ಯಾರು ನೋಡಿಕೊಳ್ಳಬೇಕೆಂಬುದರಲ್ಲಿ ಇಲ್ಲ. ತೊಂಬತ್ತು ಪುಟ ಬರೆದಳು. ಪ್ರತಿ ಪುಟವನ್ನೂ ತಿಲಕರತ್ನ ಎಮ್ಮೆಗಳಿಗಾಗಿ ಶೋಧಿಸಿದ. ಏಳು ಸಿಕ್ಕವು.

ಮೌಖಿಕ ಪರೀಕ್ಷೆಗೆ ಕೊಲಂಬೊದಿಂದ ಬಂದಿದ್ದ ಹೆಂಗಸು ಹೆಸರಾಂತ ವಿದ್ವಾಂಸೆ, ನಗುವವರಲ್ಲ. ಮುಕ್ಕಾಲು ಗಂಟೆ ಪ್ರಬಂಧವನ್ನು ಹಿಂಜಿ ಹಿಂಜಿ ಕೇಳಿದ ಮೇಲೆ, "ಇರಲಿ. ಹುಟ್ಟೋ ಮಗು ಹಿಂದೆ ಎಲ್ಲಿತ್ತು ಅನ್ನೋ ಪ್ರಶ್ನೆಯನ್ನ ನೀವು ಪಕ್ಕಕ್ಕಿಟ್ಟುಬಿಟ್ಟಿದ್ದೀರಿ. ಇಷ್ಟು ವರ್ಷದ ಅನುಭವದಲ್ಲಿ ಅದರ ಬಗ್ಗೆ ಏನೂ ಗೊತ್ತಾಗಲಿಲ್ಲವಾ?" ಎಂದರು.

"ಮೇಡಂ, ನಾಲ್ಕು ಸಾವಿರ ಜನಾನ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ," ಎಂದಳು ಬಿಸೋ. "ಎಲ್ಲರೂ ಅತ್ತರು, ಯಾರೂ ಹೇಳಲಿಲ್ಲ."

ವಿದ್ವಾಂಸೆ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಭುಜ ಕುಲುಕುವುದು ಮೇಜಿನ ಈಚೆಗೂ ಕಂಡಿತು.

ಬಿಸೋಮೆಣಿಕೆ ಅರವತ್ತೈದನೇ ವಯಸ್ಸಿನಲ್ಲಿ ಎರಡನೇ ದರ್ಜೆಯ ಮೇಲಿನ ವಿಭಾಗದಲ್ಲಿ ಪದವಿ ಪಡೆದಳು. ಸುಮೇಧರಿಗೆ ಮೊದಲ ದರ್ಜೆ ಬಂದು ಅವರು ಅಲ್ಲೇ ಸಹಾಯಕ ಅಧ್ಯಾಪಕರಾದರು. ಸಿಫಾಯಾ ತನ್ನ ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ತರ್ಕ ಕಲಿಸತೊಡಗಿದಳು. ಬಿಸೋ ಈಗ ವಾರಕ್ಕೊಮ್ಮೆ ಹೆರಿಗೆ ತರಬೇತಿಯ ಹೊಸ ಹುಡುಗಿಯರ ಬಳಿ ಹೋಗುತ್ತಾಳೆ. ಯಾವ ಮನೆಯಲ್ಲಿ ಏನು ಹೇಳುತ್ತಾರೆ, ಆಗ ದಾದಿ ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಹೇಳಿಕೊಡುತ್ತಾಳೆ.

ಸುಮ್ಮನಿರಲಾಗದೆ ಹೋದದ್ದು ತಿಲಕರತ್ನನಿಗೆ. ಮನೆಗೆ ತರ್ಕ ಕಲಿಯುವವರು ಬರುವುದು ನಿಂತ ಮೇಲೆ ಅವನಿಗೆ ಹೊತ್ತು ಹೋಗಲಿಲ್ಲ. ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಬಿಸೋ ಹದಿನೆಂಟಕ್ಕೆ ಪಾಸು ಮಾಡಿದ್ದ ಅದೇ ದೊಡ್ಡ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ. ಮೂರು ವಿಷಯಗಳ ಪೈಕಿ ತರ್ಕದಲ್ಲಿ ಎ ಬಂತು, ಇತಿಹಾಸವೂ ಸೇರಿ ಉಳಿದೆರಡರಲ್ಲಿ ಫೇಲು.

"ಮೂರೂ ಪಾಸಾದರೆ ಯೂನಿವರ್ಸಿಟಿಗೆ ಸೇರಿಸ್ತಾರೆ," ಎಂದ ಅವನು, ಫಲಿತಾಂಶದ ಹಾಳೆ ಹಿಡಿದು. "ಮೂರೂ ಪಾಸಾಗಿಲ್ಲ. ಅಷ್ಟರಿಂದಲೇ ಸೇರಿಸಲ್ಲ ಅಂತ ಆಗಲ್ಲ. ಏನೇ?"

"ಆ ವಾದ ಆಫೀಸಿನವರ ಮುಂದೆ ಮಾಡಿ," ಎಂದಳು ಬಿಸೋ, ಅವನಿಗೆ ಟೀ ಬಗ್ಗಿಸುತ್ತ. "ಬರೋ ವರ್ಷಕ್ಕೆ ಇತಿಹಾಸ ನಾನು ಹೇಳಿಕೊಡ್ತೀನಿ. ಈಗಲೇ ಪುಸ್ತಕ ತೆಗೀರಿ."