ಏನೂ ಆಗದ ಸಿನಿಮಾ

ಸಾಂಗಲಿಯ ಭಡಂಗವನ್ನು ನೀವು ತಿಂದಿದ್ದೀರೋ ಇಲ್ಲವೋ. ಬೆಳ್ಳುಳ್ಳಿ, ಶೇಂಗಾ, ಒಣಖಾರ ಹಾಕಿ ಹುರಿದ ಚುರುಮುರಿ ಅದು. ಊರ ಮಂದಿಯೆಲ್ಲ ಅದನ್ನು ಸಿನಿಮಾ ನೋಡುತ್ತ ತಿಂದರೆ ನಾವು ಮೂವರು ಮಾತ್ರ, ಸಿನಿಮಾ ಮುಗಿಸಿ ಹೊರಬಂದು, ಟಾಕೀಜಿನ ಹಿಂದಿನ ಚಹಾದ ಗಾಡಿಯ ಬದಿಯಲ್ಲಿ ಬೆಂಚು ಹಿಡಿದು ಕುಳಿತ ಮೇಲೆಯೇ ಪೊಟ್ಟಣ ಬಿಚ್ಚುತ್ತಿದ್ದೆವು. ಅಭಿಪ್ರಾಯ ಹೇಳುವಾಗ ಬಾಯಲ್ಲಿ ಖಾರವಿರಬೇಕು ಎನ್ನುವುದು ಮಾರುತಿಯ ಸಿದ್ಧಾಂತ. ಹೀಗೆ ನೋಡಿದ್ದು ಒಂದೇ ಸಿನಿಮಾ ಆದರೂ, ಎದ್ದು ಹೋಗುವಾಗ ಅದು ಮೂರಾಗಿರುತ್ತಿತ್ತು.

ಮಾರುತಿ ಗಡಿಯಾಚೆ, ಮಹಾರಾಷ್ಟ್ರದ ಬೇಡಗ ಎಂಬ ಹಳ್ಳಿಯವನು. ಸ್ವಂತ ಟೆಂಪೋದಲ್ಲಿ ದ್ರಾಕ್ಷಿ, ಕಾಯಿಪಲ್ಯ ಸಾಗಿಸುತ್ತಾನೆ. ಬಸವಂತ ಕಾಕಾ ಸಾಂಗಲಿಯ ಅರಿಶಿನ ಪೇಟೆಯಲ್ಲಿ ಚೀಲ ತೂಗುತ್ತಲೇ ವಯಸ್ಸಾದವರು; ಅವರ ಅಂಗಿಯ ತೋಳಿನಲ್ಲಿ ಇಂದಿಗೂ ಒಂದು ಹಳದಿ ನೆರಳಿದೆ. ನಾನು ಪಕ್ಕದ ಆರಗ ಊರಿನ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ, ಮನೆ ಮಿರಜದಲ್ಲಿ. ಟೀಚರನ್ನು ಇಲ್ಲಿ 'ಬಾಯಿ' ಎಂದು ಕರೆಯುವುದು ರೂಢಿಯಾದ್ದರಿಂದ ಇಬ್ಬರಿಗೂ ನಾನು ಬಾಯಿಯೇ. ನಮ್ಮ ಪರಿಚಯವಾದದ್ದು ಟಾಕೀಜಿನಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ. ಸುತ್ತಲೂ ಜನ ಮರಾಠಿಯಲ್ಲಿ ಕೂಗಾಡುತ್ತಿದ್ದಾಗ ನನ್ನ ಹಿಂದಿನ ಸಾಲಿನಿಂದ ಒಂದು ದನಿ, "ಖಳನಾಯಕನ್ನ ಈಗ ಹಿಡಿಯಾವ್ರಿದ್ರಲ್ಲೋ, ಇನ್ನೊಂದ ಎರಡ ಮಿನಿಟ ತಡೀಬಾರದಾ ಈ ಕರೆಂಟು!" ಎಂದು ಕನ್ನಡದಲ್ಲಿ ಹಲುಬಿತು. ಪಕ್ಕದ ಕುರ್ಚಿಯಿಂದ ಇನ್ನೊಂದು ದನಿ, "ಹಿಡೀತಾರ ಬಿಡು ತಮ್ಮಾ, ಎಲ್ಲಿ ಹೊಕ್ಕಾನ ಅವ," ಎಂದು ಸಮಾಧಾನ ಹೇಳಿತು. ನಾನು ನಕ್ಕೆ. ಮುಖ ಕಾಣುವ ಮೊದಲೇ ನಾವು ಗೆಳೆಯರಾಗಿದ್ದೆವು.

ಮಾರುತಿಗೆ ವೇಗವೇ ಸಿನಿಮಾ. ನಾಯಕ ಜೀಪಿನಿಂದ ಹೆಲಿಕಾಪ್ಟರಿಗೆ ಜಿಗಿದರೆ ಅವನ ಎದೆಯೂ ಜೊತೆಗೇ ಜಿಗಿಯುತ್ತದೆ. ನನಗೋ ಮೆಲ್ಲಗೆ ನಡೆಯುವ ಸಿನಿಮಾಗಳ ಹುಚ್ಚು. ಕ್ಯಾಮೆರಾ ಒಂದು ಕಿಟಕಿಯ ಮುಂದೆ ನಿಂತಿತೆಂದರೆ ಬಿಸಿಲು ಸರಿದು ಹೋಗುವ ತನಕ ಕದಲದಂಥವು, ಮಾತಿಗಿಂತ ಮಾತಿನ ನಡುವಿನ ಬಿಡುವೇ ಹೆಚ್ಚಿರುವಂಥವು. ಮುಂದೇನು ಎಂಬ ಆತುರ ಇಳಿದ ಮೇಲೆ ಈಗೇನು ಎಂಬ ಕುತೂಹಲ ಹುಟ್ಟುತ್ತದಲ್ಲ, ಆ ಸುಖಕ್ಕೆ ನಾನು ಸೋತವಳು. ಒಮ್ಮೆ ಇಬ್ಬರನ್ನೂ ಮನೆಗೆ ಕರೆದು ಅಂಥದೊಂದನ್ನು ಟೀವಿಯಲ್ಲಿ ತೋರಿಸಿದೆ. ಯಾವುದೋ ದೂರದ ಗುಡ್ಡಗಾಡಿನಲ್ಲಿ ಒಂಟಿಯಾಗಿ ಬದುಕುವ ಮುದುಕಿಯ ಕತೆ. ಅರ್ಧಕ್ಕೆ ಬರುವಷ್ಟರಲ್ಲಿ ಮಾರುತಿಯ ಗೊರಕೆ ಮುದುಕಿಯ ಮನೆಯನ್ನೂ ತುಂಬಿತ್ತು. ಎದ್ದವನೇ ಹೇಳಿದ: "ಬಾಯಿ, ಸಿಟ್ಟಾಗಬ್ಯಾಡ್ರಿ. ನನ್ನ ಟೆಂಪೋ ಪಂಚರ್ ಆಗಿ ನಿಂತಾಗ ಇದಕ್ಕಿಂತ ಜೋರ ಓಡತೈತಿ."

ಕಾಕಾ ಮಾತ್ರ ಯಾವ ಪಕ್ಷಕ್ಕೂ ಸೇರದವರು. ಹೊಡೆದಾಟಕ್ಕೆ ಮಾರುತಿಯ ಜೊತೆ ಸಿಳ್ಳೆ ಹಾಕುತ್ತಿದ್ದರು, ಮುದುಕಿಯ ಕತೆಗೆ, "ಆಕಿ ಚಹಾ ಕುದಿಯೂ ತನಕ ಖರೇನ ಕಾದ್ಲು ನೋಡ್ರಿ," ಎಂದು ಮೆಚ್ಚಿಕೊಂಡರು. ನಮ್ಮಿಬ್ಬರ ಜಗಳವನ್ನು ಅವರು ಅನುಭವಿಸುತ್ತಿದ್ದ ರೀತಿ ನೋಡಿದರೆ, ಸಿನಿಮಾಕ್ಕಿಂತ ಅದಕ್ಕೇ ಬರುತ್ತಿದ್ದರೇನೋ ಅನಿಸುತ್ತಿತ್ತು.

ಕಾಕಾ ಎಲ್ಲರಿಗಿಂತ ತಡವಾಗಿ ನಗತೊಡಗಿದ್ದನ್ನು ಮೊದಲು ಗಮನಿಸಿದವನು ಮಾರುತಿ. ಜನ ನಕ್ಕ ಮೇಲೆ ಅವರು ನಗುತ್ತಿದ್ದರು, ನಗಬೇಕೆಂದು ಗೊತ್ತಾದವರ ಹಾಗೆ. ಆಮೇಲೆ "ಈಗ ಬಂದಾಂವ ಯಾರಪಾ?" ಎಂದು ಮೆಲ್ಲಗೆ ಕೇಳತೊಡಗಿದರು. ಮಿರಜದ ಕಣ್ಣಿನ ದವಾಖಾನೆಗೆ ನಾವೇ ಕರೆದುಕೊಂಡು ಹೋದೆವು. ಕಣ್ಣಿನ ನರವೇ ಸೋತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದೂ ಬಹಳ ದಿನದ್ದಲ್ಲ ಎಂದು ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಕಾಕಾ ತಲೆಯಾಡಿಸಿ ಕೇಳಿದರು. ಹೊರಬಂದ ಮೇಲೆ, "ಇಷ್ಟ ದಿವಸ ಪುಕ್ಕಟ ನೋಡಿದ್ದೇನ ಕಡಿಮಿ ಆತೇನ್ರಿ ಬಾಯಿ," ಎಂದರು.

ಆ ಚಳಿಗಾಲ ಕಳೆಯುವುದರೊಳಗೆ ಬೆಳಕು ಕತ್ತಲೆಗಳ ಗುರುತಷ್ಟೇ ಅವರಿಗೆ ಉಳಿಯಿತು. ಸಿನಿಮಾಕ್ಕೆ ಬರುವುದನ್ನು ಬಿಟ್ಟರು. "ನೀವ ನೋಡಿ ಬರ್ರಿ, ನನಗ ಹೇಳ್ರಿ," ಎಂದು ಕೆಲ ದಿನ ಅನ್ನುತ್ತಿದ್ದರು, ಬರಬರುತ್ತ ಅದನ್ನೂ ನಿಲ್ಲಿಸಿದರು. ಅವರ ಹೆಂಡತಿ ಗಿರಿಜಾ ಕಾಕೂ ಫೋನಿನಲ್ಲಿ, "ಟೀವಿ ಹಚ್ಚಿದ್ರ ಬಂದ್ ಮಾಡ ಅಂತಾರ, ಬಂದ್ ಮಾಡಿದ್ರ ಅದರ ಮುಂದನ ಕುಂದರತಾರ," ಎಂದು ಕಣ್ಣೀರು ಹಾಕಿಕೊಂಡರು.

ಮಾರುತಿ ತಡೆಯಲಾರದೆ ಒಂದು ಭಾನುವಾರ ಟೆಂಪೋ ತಂದು ಅವರ ಬಾಗಿಲಿಗೇ ನಿಲ್ಲಿಸಿದ. ಆಗ ಎಲ್ಲರ ಬಾಯಲ್ಲೂ ಇದ್ದ ಹೊಸ ಸಿನಿಮಾ. "ನಾ ಬಾಜೂಕ ಕುಂತ ಹೇಳತೇನ್ರಿ ಕಾಕಾ, ನೀವ ಬರ್ರಿ ಅಷ್ಟ," ಎಂದು ಹಟ ಹಿಡಿದು ಕೂರಿಸಿಕೊಂಡ. ನಾನೂ ಹೋದೆ. ತೆರೆಯ ಮೇಲೆ ದೃಶ್ಯಗಳು ಓಡತೊಡಗಿದವು, ಮಾರುತಿಯ ಪಿಸುಮಾತು ಅವುಗಳ ಬೆನ್ನುಹತ್ತಿತು. "ಅಂವ ಹೊಡದಾ... ಅಲ್ಲ, ಹೊಡಸ್ಕೊಂಡಾ... ಬಿದ್ದಾ... ಇಲ್ಲ, ಇದು ಬ್ಯಾರೆ ಊರು... ತಡೀರಿ, ಈಗ ರೈಲಿನ್ಯಾಗ ಅದಾರು..." ಮುಂದಿನ ಸಾಲಿನವರು ಹೊರಳಿ ಬೈದರು. ಮಾರುತಿ ದನಿ ತಗ್ಗಿಸಿದ. ತಗ್ಗಿಸಿದ್ದು ಸದ್ದಿನ ಅಬ್ಬರದಲ್ಲಿ ಕಾಕಾನಿಗೆ ಕೇಳಿಸಲಿಲ್ಲ. ವಿರಾಮದ ದೀಪ ಹತ್ತಿದಾಗ ಅವನು ಬೆವತುಹೋಗಿದ್ದ.

ಕಾಕಾ ಎದ್ದು ನಿಂತು ಅವನ ಭುಜ ಹುಡುಕಿ ಹಿಡಿದರು. "ಮಾರುತಿ, ನನ್ನ ಸಲುವಾಗಿ ನಿನ್ನ ಪಿಕ್ಚರ್ ಹಾಳ ಆಗೂದು ಬ್ಯಾಡ. ಇನ್ನ ಮ್ಯಾಲೆ ನನ್ನ ಕರೀಬ್ಯಾಡ್ರಿ. ಸಾಕಾತು."

ಸಿಟ್ಟಿನಲ್ಲಿ ಹೇಳಿದ್ದರೆ ವಾದಿಸಬಹುದಿತ್ತು. ಅವರು ಪ್ರೀತಿಯಿಂದ ಹೇಳಿದ್ದರು. ಅರ್ಧಕ್ಕೇ ಎದ್ದು ಟೆಂಪೋದಲ್ಲಿ ಮನೆಗೆ ಮರಳಿದೆವು. ಆಮೇಲೆ ಮಾರುತಿಯೂ ಸಿನಿಮಾದ ಸುದ್ದಿ ಎತ್ತಲಿಲ್ಲ. ಬೆಂಚಿನ ಮೇಲೆ ಒಬ್ಬಳೇ ಕುಳಿತು ಭಡಂಗ ತಿನ್ನುವ ಧೈರ್ಯ ನನಗೂ ಆಗಲಿಲ್ಲ. ಗೆಳೆತನಗಳು ಒಡೆಯುವುದು ಜಗಳದಿಂದ ಎಂದುಕೊಂಡಿದ್ದೆ; ಜಗಳವಿಲ್ಲದೆಯೂ, ಒಬ್ಬರಿಗೊಬ್ಬರು ನೋವಾಗಬಾರದೆಂಬ ಎಚ್ಚರದಲ್ಲೇ ಅವು ಸದ್ದಿಲ್ಲದೆ ಸವೆಯುತ್ತವೆಂದು ಆಗ ತಿಳಿಯಿತು.

ಹೀಗಿರುವಾಗ ಒಂದು ಸಂಜೆ ಮಾರುತಿಯ ಫೋನು ಬಂತು. "ಬಾಯಿ, ಆ ನಿಮ್ಮ ಪಿಕ್ಚರ್ ಐತೆಲ್ರಿ, ಮುದುಕೀದು, ಏನೂ ಆಗಲಾರದ್ದು... ಅದನ್ನ ಮತ್ತ ಹಚ್ಚತೀರೇನು?"

"ನಿನಗ ನಿದ್ದಿ ಬರವಲ್ದೇನೋ?" ಎಂದೆ.

ಅವನು ನಗಲಿಲ್ಲ. "ಅದರಾಗ ಕಾಕಾಗ ಹೇಳಾಕ ಟೈಮ್ ಸಿಗತೈತ್ರಿ," ಎಂದ.

ಇಷ್ಟು ವರ್ಷ ಮಂದಗತಿಯ ಸಿನಿಮಾದ ಪರವಾಗಿ ನಾನು ಆಡಿದ ಮಾತುಗಳಲ್ಲಿ ಒಂದೂ ಇದರ ಹತ್ತಿರ ಬಂದಿರಲಿಲ್ಲ.

ಕಾಕಾನನ್ನು ಒಪ್ಪಿಸಿದವರು ಕಾಕೂ. "ಬಾಯಿ ಊಟಕ್ಕ ಕರದಾರ," ಎಂದಷ್ಟೇ ಹೇಳಿ ಕರೆತಂದರು. ಊಟವಾದ ಮೇಲೆ ಮಾರುತಿ ತನ್ನ ಕುರ್ಚಿಯನ್ನು ಅವರ ಕುರ್ಚಿಗೆ ತಾಗಿಸಿ ಕುಳಿತ. ಟೀವಿಯಿಂದ ಗಾಳಿಯ ಸದ್ದು ಬಂದದ್ದೇ ಕಾಕಾನಿಗೆ ಎಲ್ಲ ತಿಳಿದುಹೋಯಿತು. "ಮಾರುತಿ, ನಾ ಹೇಳಿದ್ನೆಲ್ಲೋ," ಎಂದು ಏಳಹೋದರು. "ಇದ ಒಂದ ಸರ್ತಿ ಕಾಕಾ, ನಿಮ್ಮ ಕಾಲ ಬೀಳತೇನಿ," ಎಂದು ಅವನು ಮೊಣಕಾಲು ಹಿಡಿದು ಕೂರಿಸಿದ. ಅನಂತರ ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಒಬ್ಬಾಕಿ ಮುದುಕಿ. ಕುಂತಾಳ."

"ಮುಂದ?" ಎಂದರು ಕಾಕಾ, ಬೇಸರದಿಂದಲೇ.

"ಕುಂತಾಳ್ರಿ."

"ಹ್ಯಾಂಗ ಕುಂತಾಳ?"

ಮಾರುತಿ ತಬ್ಬಿಬ್ಬಾದ. ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದ. "ಒಂದ ಕಾಲ ಮಡಚ್ಯಾಳ, ಒಂದ ಕಾಲ ಚಾಚ್ಯಾಳ. ಚಾಚಿದ್ದ ಮೊಣಕಾಲ ತಿಕ್ಕೊಳ್ಳಾಕತ್ತಾಳ. ನೋಯತೈತಿ ಅನಸ್ತೈತಿ. ಒಲಿ ಮ್ಯಾಲೆ ಪಾತೇಲಿ ಐತಿ. ಮುಚ್ಚಳ ಕುಣ್ಯಾಕತ್ತೈತಿ."

"ಮುಚ್ಚಳದ ಸಪ್ಪಳ ಕೇಳತೈತಿ," ಎಂದರು ಕಾಕಾ. "ಕಿಟಕಿ ಐತೇನು?"

"ಐತ್ರಿ. ಹೊರಗ ಮಂಜ. ಕಿಟಕಿ ಬಾಗಲಕ ನೀಲಿ ಬಣ್ಣ ಬಳದಾರ."

"ಎಲ್ಲೀ ನೀಲಿ? ಹಸರ ಅದು," ಎಂದು ಹಿಂದಿನಿಂದ ಕಾಕೂ ತಿದ್ದಿದರು. ನೀಲಿಯೋ ಹಸಿರೋ ಎಂದು ಇಬ್ಬರಲ್ಲೂ ವಾದ ಹುಟ್ಟಿತು, ನನ್ನನ್ನು ಕೇಳಿದರು. ಎಷ್ಟೋ ಸಲ ನೋಡಿದ್ದ ಆ ಕಿಟಕಿಯ ಬಣ್ಣ ನನಗೂ ನಿರ್ಧಾರವಾಗಿ ಹೇಳಲಾಗಲಿಲ್ಲ. ಕಾಕಾ ನಗತೊಡಗಿದರು. ಯಾರಿಗಾಗಿಯೂ ಕಾಯದೆ, ಎಲ್ಲರಿಗಿಂತ ಮೊದಲು ನಕ್ಕರು.

ಅಲ್ಲಿಂದ ಮುಂದೆ ಸಿನಿಮಾ ನಡೆದದ್ದು ಟೀವಿಯ ಪರದೆಯ ಮೇಲಲ್ಲ, ಆ ಎರಡು ಕುರ್ಚಿಗಳ ನಡುವೆ. ಅಪರೂಪಕ್ಕೆ ಬರುವ ಮಾತುಗಳನ್ನು ನಾನು ಅಡಿಬರಹ ಓದಿ ಕನ್ನಡದಲ್ಲಿ ಹೇಳಿದೆ. ಉಳಿದದ್ದೆಲ್ಲ ಮಾರುತಿಯದು. ಮುದುಕಿಯ ಶಾಲಿನ ತೂತು, ನಾಯಿ ಹೊಸ್ತಿಲಿಗೆ ಬಂದು ಒಳಬರದೆ ನಿಂತದ್ದು, ಆಕೆ ಎರಡು ಬಟ್ಟಲು ಇಟ್ಟು ಆಮೇಲೆ ಒಂದನ್ನು ಎತ್ತಿಟ್ಟದ್ದು. ಈ ಕೊನೆಯದನ್ನು ಹೇಳುವಾಗ ಅವನ ದನಿ ಸಣ್ಣದಾಯಿತು. "ಮರತ ಇಟ್ಟಿದ್ಲು ಕಾಣತೈತ್ರಿ," ಎಂದ. "ಮರತಿಲ್ಲೋ, ರೂಢಿ ಅದು," ಎಂದರು ಕಾಕಾ. ಹಿಂದೆ ಕುಳಿತಿದ್ದ ಕಾಕೂ ಸೆರಗಿನಿಂದ ಮೂಗು ಒರೆಸಿಕೊಂಡರು.

ಸಿನಿಮಾದ ಕೊನೆಗೆ ಆ ಮುದುಕಿ ಬಾಗಿಲು ತೆರೆದು ಮಂಜಿನೊಳಗೆ ನಡೆದು ಹೋಗುತ್ತಾಳೆ. ಕ್ಯಾಮೆರಾ ಆಕೆಯ ಹಿಂದೆ ಹೋಗುವುದಿಲ್ಲ, ಮನೆಯೊಳಗೇ ಉಳಿದು ತೆರೆದ ಬಾಗಿಲನ್ನು ನೋಡುತ್ತದೆ, ಬಹಳ ಹೊತ್ತು. "ಹೊಂಟ್ಲು... ಅರ್ಧ ಕಾಣತಾಳ... ಬರೇ ಶಾಲು ಕಾಣತೈತಿ..." ಎನ್ನುತ್ತಿದ್ದ ಮಾರುತಿಯ ಮಾತು ಅಲ್ಲಿಗೆ ನಿಂತಿತು. ಗಾಳಿಯ ಸದ್ದಷ್ಟೇ ಉಳಿಯಿತು.

ಕಾಕಾ ಕಾದರು. ಆಮೇಲೆ ಅವನ ಕಡೆ ಮುಖ ತಿರುಗಿಸಿ, "ಮುಗೀತೇನೋ?" ಎಂದರು.

"ಇಲ್ರಿ ಕಾಕಾ."

"ಮತ್ತ ಯಾಕ ಸುಮ್ನಾದಿ? ಏನ ಆಗಾಕತ್ತೈತಿ?"

"ಏನೂ ಇಲ್ರಿ," ಎಂದ ಮಾರುತಿ, ಪರದೆಯಿಂದ ಕಣ್ಣು ಕೀಳದೆ. "ನೋಡಾಕತ್ತೇನಿ."

ಕಾಕಾ ಕೈ ಚಾಚಿ ಅವನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು. "ನೋಡು," ಎಂದರು. "ಆಮ್ಯಾಲೆ ಹೇಳುವಂತಿ."