ಸಾತವ್ವ ಕಲಿತ ಗಂಜಿ

ಗಿರಮಲ್ಲಪ್ಪ ಊಟಕ್ಕೆ ಕುಳಿತಿದ್ದಾನೆ ಎಂಬುದು ಬನಹಟ್ಟಿಯ ನಮ್ಮ ಓಣಿಯಲ್ಲಿ ನಾಲ್ಕು ಮನೆಗಾದರೂ ಗೊತ್ತಾಗುತ್ತಿತ್ತು. ಇಪ್ಪತ್ತೆರಡು ವರ್ಷ ಪಾವರ್‌ಲೂಮಿನ ಸದ್ದಿನ ನಡುವೆ ದುಡಿದವನು, ಸಣ್ಣ ದನಿಯಲ್ಲಿ ಮಾತಾಡಲು ಅವನಿಗೆ ಬರುತ್ತಲೇ ಇರಲಿಲ್ಲ. “ಸಾತಿ, ಇವತ್ತಿನ ಪುಂಡಿಪಲ್ಯ ಭಾಳ ಛಲೋ ಆಗೇತಿ ನೋಡ!” ಎಂದು ಅವನು ಕೂಗಿದರೆ ಪಕ್ಕದ ಮನೆಯಲ್ಲಿದ್ದ ನನಗೂ ಹಸಿವಾಗುತ್ತಿತ್ತು.

ಅವನಿಗೆ ದೊಡ್ಡ ಊಟದ ಆಸೆಯೇನೂ ಇರಲಿಲ್ಲ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಗುದ್ದಿದ ಉಳ್ಳಾಗಡ್ಡಿ ಇದ್ದರೆ ಸಾಕು. ಬೇರೆ ಮನೆಯಲ್ಲಿ ಏನಾದರೂ ಉಂಡು ರುಚಿ ಹತ್ತಿದರೆ, ಮಾಡುವ ಬಗೆ ಕೇಳಿಕೊಂಡು ಬಂದು ಹೆಂಡತಿಗೆ ಹೇಳುತ್ತಿದ್ದ. ಬರುವ ದಾರಿಯಲ್ಲೇ ಅರ್ಧ ಮರೆತಿರುತ್ತಿದ್ದ. ಉಳಿದದ್ದನ್ನು ಸಾತವ್ವ ಊಹಿಸಿ ಮಾಡುತ್ತಿದ್ದಳು. ಹಾಗೆ ಮಾಡಿದ್ದು ಒಮ್ಮೊಮ್ಮೆ ಮೂಲಕ್ಕಿಂತ ಚೆನ್ನಾಗಿರುತ್ತಿತ್ತಂತೆ.

ಮೂರು ವರ್ಷದ ಹಿಂದೆ ಅವನ ನಾಲಿಗೆಯ ಅಂಚಿಗೆ ಒಂದು ಹುಣ್ಣಾಯಿತು. ತಂಬಾಕಿನ ಚಟ ಬಹಳ ದಿನದ್ದು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ನಾಲಿಗೆಯ ಅರ್ಧ ಭಾಗ, ಕೆಳದವಡೆಯ ಒಂದು ತುಣುಕು ತೆಗೆದರು. ಆಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಎರಡು ತಿಂಗಳ ಮೇಲೆ ಊರಿಗೆ ಬಂದ ಗಿರಮಲ್ಲಪ್ಪನ ಮಾತು ಸಾತವ್ವನಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಂಟಲಿಗೆ ನೀರಿನಂಥದ್ದು ಮಾತ್ರ ಇಳಿಯುತ್ತಿತ್ತು.

ಆಸ್ಪತ್ರೆಯವರು ಹೇಳಿದ್ದ ಡಬ್ಬಿಯ ಪುಡಿಯನ್ನು ಸಾತವ್ವ ಹಾಲಿನಲ್ಲಿ ಕಲಸಿ ಕೊಟ್ಟಳು. ಮೂರನೆಯ ದಿನಕ್ಕೆ ಅವನು ಲೋಟವನ್ನು ಗೋಡೆಯ ಕಡೆ ಸರಿಸಿ ಮುಖ ತಿರುಗಿಸಿದ. ಅಕ್ಕಿ ಗಂಜಿ ಮಾಡಿದಳು, ರವೆ ಕಾಸಿದಳು, ಹೆಸರುಬೇಳೆ ಕಟ್ಟು ಬಸಿದಳು. ಎಲ್ಲವೂ ಎರಡು ಚಮಚಕ್ಕೆ ನಿಲ್ಲುತ್ತಿತ್ತು. ಉಪ್ಪು ಸಹ ಉರಿಯುತ್ತಿತ್ತು. ಮುಧೋಳಕ್ಕೆ ಕೊಟ್ಟ ಮಗಳು ಮಾಯಾ ಫೋನಿನಲ್ಲಿ ದಿನಕ್ಕೊಂದು ಅಡುಗೆ ಹೇಳುತ್ತಿದ್ದಳು.

ತೇರದಾಳದಲ್ಲಿ ಬ್ರಾಹ್ಮಿ ಎಂಬಾಕೆ ತನ್ನ ಮಾವ ಅಪ್ಪಾಜಿಗೆ ಇದೇ ಬೇನೆಯಲ್ಲಿ ಉಣಿಸಿದ್ದಳೆಂದು ಯಾರೋ ಹೇಳಿದರು. ಗಂಡನನ್ನು ನನ್ನ ಕೈಗೆ ಒಪ್ಪಿಸಿ ಸಾತವ್ವ ಮಧ್ಯಾಹ್ನದ ಬಸ್ಸಿಗೆ ಹೋದಳು. ಮರುದಿನ ಎಲ್ಲವನ್ನೂ ನನಗೆ ಹೇಳಿದಳು.

ಬ್ರಾಹ್ಮಿ ಗುರುತಿಲ್ಲದವಳನ್ನು ಅಡುಗೆಮನೆಗೇ ಕರೆದು ಕೂಡಿಸಿದಳಂತೆ. “ಜ್ವಾಳ ಎರಡ ದಿನಾ ನೆನೀಬೇಕ್ರಿ ಅಕ್ಕಾ, ನೀರ ಬದಲ ಮಾಡ್ಕೋತ ಇರ್ರಿ. ರುಬ್ಬಿ ಅರಿಬ್ಯಾಗ ಹಿಂಡಿದ್ರ ಹಾಲ ಬರತೈತಿ. ಅದನ್ನ ಸಣ್ಣ ಉರಿ ಮ್ಯಾಲ ಕೈ ಬಿಡದಂಗ ತಿರವ್ರಿ. ಆರಿದ ಮ್ಯಾಲ ಹುಳಿ ಇಲ್ಲದ ಮಜ್ಜಿಗಿ.”

“ಒಂದೆಸಳ ಬಳ್ಳೊಳ್ಳಿ ಹಾಕ್ಲೇನ್ರಿ? ಅವ್ರಿಗೆ ಅದರ ವಾಸನಿ ಭಾಳ ಸೇರತೈತಿ.”

“ನಮ್ಮ ಜೈನರ ಮನ್ಯಾಗ ಬಳ್ಳೊಳ್ಳಿ ಇಲ್ರಿ. ಹುಣ್ಣಿಗೂ ಅದು ಆಗೂದಿಲ್ಲ ಬಿಡ್ರಿ.”

ಹೊರಡುವಾಗ ಸಾತವ್ವ ಕೇಳಿಯೇಬಿಟ್ಟಳು: “ನಿಮ್ಮ ಮಾವಾರು ಆರಾಮ ಆದ್ರೇನ್ರಿ?”

ಬ್ರಾಹ್ಮಿ, “ಎಂಟ ತಿಂಗಳ ಉಂಡ್ರು” ಎಂದಳು.

ಬಸ್ಸಿನಲ್ಲಿ ದಾರಿ ಪೂರ್ತಿ ಅದೇ ಮಾತು ಕಿವಿಯಲ್ಲಿತ್ತೆಂದು ಸಾತವ್ವ ಹೇಳಿದಳು. ಮನೆಗೆ ಬಂದವಳು ಜೋಳ ನೆನೆಹಾಕಿದಳು. ಮೂರನೆಯ ದಿನ ಗಿರಮಲ್ಲಪ್ಪ ಬಟ್ಟಲು ಗಂಜಿಯನ್ನು ಗುಟುಕು ಗುಟುಕಾಗಿ ಪೂರ್ತಿ ಕುಡಿದ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದುಕೊಂಡು, “ಜ್ವಾಳ” ಎಂದ. ಆ ಒಂದು ಮಾತು ನನಗೂ ತಿಳಿಯಿತು.

ಅವನು ಉಣ್ಣತೊಡಗಿದ ಮೇಲೆ ಅವಳು ಉಣ್ಣುವುದನ್ನು ಅಡಗಿಸತೊಡಗಿದಳು. ಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತು. ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು, ನಾನು ಕೊಟ್ಟ ರೊಟ್ಟಿಯನ್ನು ಕಳ್ಳರ ಹಾಗೆ ಗಡಿಬಿಡಿಯಲ್ಲಿ ತಿಂದು ಕೈತೊಳೆದು ಹೋಗುತ್ತಿದ್ದಳು. “ಅವ್ರ ಮುಂದ ಹೆಂಗ ತಿನ್ಲಿರಿ ಅಕ್ಕಾರ? ಗಂಟಲದಾಗ ಇಳಿಯೂದಿಲ್ಲ” ಎನ್ನುತ್ತಿದ್ದಳು.

ಒಂದು ದಿನ ಅವನ ಬಾಯಿ ಒರೆಸುತ್ತಿದ್ದಾಗ ಅವನು ಅವಳ ಕೈ ಹಿಡಿದು ಮೂಸಿದ. ಹಿಂಡಿಯ ಖಾರದ ವಾಸನೆ ಇನ್ನೂ ಹೋಗಿರಲಿಲ್ಲ. ಅವಳು ತಲೆ ತಗ್ಗಿಸಿದಳು. ಅವನು ಸಿಟ್ಟಾಗಲಿಲ್ಲ. ಒಲೆಯ ಕಡೆ ಕೈ ತೋರಿಸಿ, ಅಂಗೈಯಿಂದ ನೆಲ ತಟ್ಟಿದ. ರೊಟ್ಟಿ ಬಡಿ ಎಂದು. ಅವಳು ಒಲ್ಲೆನೆಂದಳು. ಅವನು ತಟ್ಟುತ್ತಲೇ ಇದ್ದ.

ಎಷ್ಟೋ ದಿನದ ಮೇಲೆ ಅವರ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ನಾನು ಓಡಿಹೋದೆ. ಸಾತವ್ವ ಅಳುತ್ತ ಬಡಿಯುತ್ತಿದ್ದಳು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಮೊದಲ ತುತ್ತನ್ನು ಅವಳು ಬಾಯಿಗಿಟ್ಟಾಗ ಏನೋ ಕೇಳಿದ. ಹೇಗಿದೆ ಎಂದು ಕೇಳಿದನೆಂದು ಅವಳೇ ನನಗೆ ಹೇಳಿ, “ಏನೂ ರುಚಿ ಇಲ್ರಿ” ಎಂದು ಅವನಿಗೆ ಉತ್ತರ ಕೊಟ್ಟಳು. ಅವನು ತಲೆಯಾಡಿಸಿ ಮತ್ತೇನೋ ಅಂದ.

“ಸುಳ್ಳ ಹೇಳಬ್ಯಾಡ ಅಂತಾರ” ಎಂದು ನನಗೆ ಹೇಳಿದಳು. ಆಮೇಲೆ, ಸೆರಗಿನಿಂದ ಮುಖ ಒರೆಸಿಕೊಂಡು ಅವನಿಗೆ, “ಛಲೋ ಐತ್ರಿ. ಹಿಂಡಿಗಿ ಉಪ್ಪ ಒಂದ್ಚೂರ ಹೆಚ್ಚಾಗೇತಿ” ಎಂದಳು. ಗಿರಮಲ್ಲಪ್ಪ ತೃಪ್ತಿಯಿಂದ ಗೋಡೆಗೆ ತಲೆಯಾನಿಸಿದ.

ಆಮೇಲಿನ ಐದು ತಿಂಗಳು ಇಬ್ಬರೂ ಜೊತೆಯಲ್ಲೇ ಊಟಕ್ಕೆ ಕುಳಿತರು. ಅವನ ಮುಂದೆ ಬಟ್ಟಲು, ಅವಳ ಮುಂದೆ ತಾಟು. ಮೆಂತ್ಯಪಲ್ಯ ಎಳೆಯದೋ ಬಲಿತದ್ದೋ, ಬದನೆಯಲ್ಲಿ ಬೀಜ ಹೆಚ್ಚೋ ಎಂದು ಅವಳು ಒಂದೊಂದನ್ನೂ ಹೇಳಬೇಕಿತ್ತು. ಬೇನೆ ಮತ್ತೆ ಕುತ್ತಿಗೆಗೆ ಹಬ್ಬಿತು. ಎಳ್ಳಮವಾಸ್ಯೆ ಕಳೆದು ಒಂದು ವಾರಕ್ಕೆ, ಬೆಳಗಿನ ಹೊತ್ತು, ಮೂರು ಚಮಚ ಗಂಜಿ ಕುಡಿದು ಸಾಕೆಂದ. ಮಧ್ಯಾಹ್ನಕ್ಕೆ ಹೋಗಿಬಿಟ್ಟ.

ತಿಂಗಳ ಮೇಲೆ ಬೀಳಗಿಯಿಂದ ಹಣಮವ್ವ ಎಂಬ ಹೆಂಗಸು ಹುಡುಕಿಕೊಂಡು ಬಂದಳು. ಅವಳ ಗಂಡನಿಗೂ ಅದೇ ಬೇನೆ. ಗಂಜಿ ಮಾಡುವ ಬಗೆ ಹೇಳೆಂದು ಬಾಗಿಲಲ್ಲಿ ನಿಂತು ಕೇಳಿದಳು. “ನನಗ ಏನೂ ಗೊತ್ತಿಲ್ಲವ್ವಾ, ಹೋಗು” ಎಂದು ಸಾತವ್ವ ಬಾಗಿಲು ಹಾಕಿಕೊಂಡಳು. ನಾನು ಬೈದೆ.

ಮರುದಿನ ಬೆಳಿಗ್ಗೆ ಚೀಲದಲ್ಲಿ ನೆನೆದ ಜೋಳ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಳು. “ಅಕ್ಕಾರ, ಆಕಿ ಮನಿ ಎಲ್ಲಿ ಅಂತ ಕೇಳಲಿಲ್ಲ ನಾ. ಬೀಳಗಿಗಿ ಹೋಗಿ ಹುಡಕತೇನಿ” ಎಂದಳು.

ಸಂಜೆಯ ಹೊತ್ತಿಗೆ ಮನೆ ಸಿಕ್ಕಿತಂತೆ. ಅಲ್ಲಿ ಎರಡು ದಿನ ಇದ್ದು, ತಾನೇ ಕಾಸಿ, ಆ ಮನುಷ್ಯನಿಗೆ ಅರ್ಧ ಬಟ್ಟಲು ಕುಡಿಸಿ ಬಂದಳು. ಅವನೂ ಬಹಳ ದಿನ ಉಳಿಯಲಿಲ್ಲ, ಯುಗಾದಿಯ ಮುಂಚೆ ತೀರಿಕೊಂಡ.

ಈಗ ಹಣಮವ್ವ ವಾರಕ್ಕೊಮ್ಮೆ ಸಾತವ್ವನಿಗೆ ಫೋನು ಮಾಡುತ್ತಾಳೆ. ಗಂಡಂದಿರ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ. ಬೀಳಗಿ ಸಂತೆಗೆ ಯಾವ ಪಲ್ಯ ಬಂದಿತ್ತು, ಯಾವ ಕಾಳು ನೆನೆಹಾಕಿದ್ದಾಳೆ, ಅಷ್ಟೇ ಮಾತು. “ಒಬ್ಬಾಕಿಗಿ ಏನ್ ಮಾಡೂದ ಬೇ?” ಎಂದು ಆ ಕಡೆಯಿಂದ ಅವಳು ಅಂದಾಗ ಸಾತವ್ವ, “ಏನರ ಮಾಡ್ಕೋ, ಬಿಸಿದ ಉಣ್ಣು” ಎಂದು ಗದರುತ್ತಾಳೆ.