ಕೆಂಪು ದಾರದ ಸಿಂಹ

ನನ್ನ ಅಕ್ಷರ ಸೊಟ್ಟಪಟ್ಟ ಇವೆ, ಮಾತು ಜೋಡಿಸುವುದೂ ಅಷ್ಟಕ್ಕಷ್ಟೆ. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವಳು. ತಪ್ಪಿದ್ದಲ್ಲಿ ದಯವಿಟ್ಟು ತಿದ್ದಿಕೊಂಡು ಓದಬೇಕು. ನಮ್ಮ ಓಣಿಯ ಕರೀಮಾಬಿಯವರ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ಈ ಧೈರ್ಯ. ಅವರು ಹೇಳಿದ್ದನ್ನು ಹೇಳಿದ ಹಾಗೇ ಇಡಲು ನೋಡಿದ್ದೇನೆ.

ನಮ್ಮ ಕಮರಿಪೇಟೆಯಲ್ಲಿ ಮೊಹರಂ ಮೆರವಣಿಗೆಯಲ್ಲಿ ಹೊರುವ ಡೋಲಿ ಬೇಕೆಂದರೆ ಜನ ಕರೀಮಾಬಿಯ ಬಾಗಿಲಿಗೇ ಬರುತ್ತಾರೆ. ಬಿದಿರು ಸೀಳಿ, ಕಡ್ಡಿಗಳನ್ನು ಗೋಪುರದಂತೆ ಕಟ್ಟಿ, ಮೇಲೆ ಬಣ್ಣದ ಕಾಗದ, ಮಿರುಗುವ ಬೇಗಡೆ ಅಂಟಿಸುವ ಕೆಲಸ. ಅಪ್ಪನಿಂದ ಕಲಿತದ್ದು. ಅವರ ಮನೆತನದಲ್ಲಿ ಒಂದು ರೂಢಿ ಇದೆ. ಕಟ್ಟಿದ ಗಂಟನ್ನು ಮುಚ್ಚಿಡುವುದಿಲ್ಲ. ಕೆಂಪು ದಾರದಲ್ಲಿ ಬಿಗಿದು, ತುದಿಗೆ ಗೊಂಡೆ ಬಿಟ್ಟು, ದೂರದವರಿಗೂ ಕಾಣುವ ಹಾಗೆ ಇಡುತ್ತಾರೆ. ಗಂಟು ಕಂಡರೆ ಹೊರುವವರಿಗೆ ನಂಬಿಕೆ ಬರುತ್ತದೆ ಎಂದು ಅಪ್ಪ ಹೇಳುತ್ತಿದ್ದರಂತೆ.

ಈ ರೂಢಿಯೇ ಮುಂದೆ ಅವರು ಎಷ್ಟೋ ವರ್ಷ ತಲೆ ತಗ್ಗಿಸುವಂತೆ ಮಾಡಿತು.

ಕರೀಮಾಬಿ ಇನ್ನೂ ಹರೆಯದವರಿದ್ದಾಗ ಹತ್ತಿ ವ್ಯಾಪಾರಿ ಶಾಂತಯ್ಯನವರಿಗೆ ಕತ್ತಿ ಕಾಳಗ, ಮಾಟ ಮಂತ್ರದ ಸಿನಿಮಾಗಳ ಹುಚ್ಚು. ಊರಿಗೆ ಅಂಥದ್ದೊಂದು ಬಂದರೆ ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಓಡುತ್ತಿದ್ದರು. ಕೊನೆಗೆ ತಾವೇ ಒಂದನ್ನು ತೆಗೆದರು. ಹೆಸರು 'ರೆಕ್ಕೆಸಿಂಹದ ರಾಣಿ'. ಆಸೆ ದೊಡ್ಡದು, ಅನುಕೂಲ ಕಡಿಮೆ. ಅವರ ಗೋದಾಮೇ ಮಾಂತ್ರಿಕನ ಗುಹೆಯಾಯಿತು. ಗೋಣಿತಟ್ಟನ್ನು ಕೆಮ್ಮಣ್ಣಿನಲ್ಲಿ ಅದ್ದಿ ತೂಗುಹಾಕಿದರೆ ಅದೇ ಬಂಡೆ. ಮಾಂತ್ರಿಕನ ಗಡ್ಡಕ್ಕೆ ಅಂಗಡಿಯ ಹತ್ತಿ. ಅವನು ಸಿಟ್ಟಿನಿಂದ ಮಂತ್ರ ಹೇಳಿದಾಗೆಲ್ಲ ಹತ್ತಿಯ ಎಳೆ ಬಾಯಿಗೆ ಹೋಗಿ ಕೆಮ್ಮು ಬರುತ್ತಿತ್ತು. ಆ ಕೆಮ್ಮನ್ನೂ ತೆಗೆಯದೆ ಹಾಗೇ ಬಿಟ್ಟರು. ರಾಣಿಯ ಸಿಂಹಾಸನ ಕ್ಷೌರದಂಗಡಿಯ ಕುರ್ಚಿ. ಕತ್ತಿಗಳು ತಗಡಿನವು. ಒಂದಕ್ಕೊಂದು ಬಡಿದರೆ ಬಾಗುತ್ತಿದ್ದವು, ವೀರರು ಅವನ್ನು ಮೊಣಕಾಲಿಗೆ ಹಚ್ಚಿ ನೆಟ್ಟಗೆ ಮಾಡಿಕೊಂಡು ಮತ್ತೆ ಕಾದಾಡುತ್ತಿದ್ದರು.

ಹಾರುವ ಸಿಂಹವನ್ನು ಮಾಡಿದವರು ಕರೀಮಾಬಿ. ಬಿದಿರಿನ ಮೈ, ಹಳದಿ ಕಾಗದದ ಕೇಸರ, ಬೇಗಡೆಯ ರೆಕ್ಕೆ. ಸೆರಗನ್ನು ಸೊಂಟಕ್ಕೆ ಬಿಗಿದು, ಗೋದಾಮಿನ ತೊಲೆಯ ಮೇಲೆ ಕೂತು, ದಾರ ಹಿಡಿದು ಅದನ್ನು ಹಾರಿಸಿದವರೂ ಅವರೇ. ದಾರ ಕಾಣುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, "ಛಲೋತ್ನಾಗಿ ಕಾಣಸ್ತೈತ್ರಿ" ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಡೋಲಿಗೆ ಕಟ್ಟುವ ಹಾಗೆಯೇ ಕಟ್ಟಿದ್ದರು. ಕೆಂಪು ದಾರ, ಗಂಟಿಗೊಂದು ಗೊಂಡೆ.

ಮೊದಲ ದಿನದ ಆಟದಲ್ಲಿ ಸಿಂಹ ಮೇಲೆದ್ದದ್ದೇ ತಡ, ಟಾಕೀಸೆಲ್ಲ ನಕ್ಕಿತು. "ಸಿಂಹದ ಲಾಡಿ ಬಿಚ್ಚೈತಿ ನೋಡಲೇ" ಎಂದು ಯಾರೋ ಒದರಿದರು. ಕರೀಮಾಬಿ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ಹೋದರು. ಚಪ್ಪಲಿ ಅಲ್ಲೇ ಉಳಿದವು. ಮತ್ತೆ ಆ ಸಿನಿಮಾದ ಹೆಸರನ್ನು ಅವರ ಮುಂದೆ ಯಾರೂ ಎತ್ತುವಂತಿರಲಿಲ್ಲ.

ಈಗ ಈ ವರ್ಷ ಶಾಂತಯ್ಯನವರ ಮೊಮ್ಮಗಳು ಸೌಂದರ್ಯಾ ಹಳೆಯ ರೀಲುಗಳನ್ನು ಕಂಪ್ಯೂಟರಿಗೆ ಹಾಕಿಸಿದಳು. ಓಣಿಯ ಸಮುದಾಯ ಭವನದಲ್ಲಿ ತೋರಿಸುವುದೆಂದು ನಿಶ್ಚಯವಾಯಿತು. ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಹಿಡಿದು ಕರೀಮಾಬಿಯ ಮನೆಗೆ ಬಂದಳು.

"ಆಯೀ, ನೋಡ್ರಿ. ದಾರ ಎಲ್ಲಾ ಅಳಿಸಿಬಿಟ್ಟೇನಿ. ಇನ್ನ ಯಾರೂ ನಗಂಗಿಲ್ಲ."

ಕರೀಮಾಬಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕನ್ನಡಕ ಹಾಕಿಕೊಂಡು ನೋಡಿದರು. ಸಿಂಹ ಸುಮ್ಮನೆ ಮೇಲೆ ಹೋಯಿತು, ಸುಮ್ಮನೆ ಕೆಳಗೆ ಬಂತು.

"ಛಲೋ ಮಾಡೀದಿ ಬೇಟಿ," ಎಂದರು. ಪರದೆಗೆ ಇನ್ನಷ್ಟು ಬಾಗಿ, "ಅಲ್ಲಾ, ಇದು ಹೆಂಗ ಹಾರಾಕತ್ತೈತಿ?" ಎಂದು ಕೇಳಿದರು.

"ರೆಕ್ಕಿ ಅದಾವಲ್ರಿ."

"ಅವು ಕಾಗದದ ರೆಕ್ಕಿ. ಹಳೇದ ಹಚ್ಚು, ನೋಡೂಣು."

ಹಳೆಯದರಲ್ಲಿ ಮೊದಲು ದಾರ ಬಿಗಿಯಾಯಿತು, ಆಮೇಲೆ ಸಿಂಹದ ಕುತ್ತಿಗೆ ಎದ್ದಿತು. ಒಂದು ರೆಕ್ಕೆ ತಡವಾಗಿ ಬಡಿಯಿತು. ಕರೀಮಾಬಿ ಪರದೆಯ ಮೇಲೆ ಬೆರಳಿಟ್ಟರು.

"ಇಲ್ಲಿ ನನ್ನ ಬಲಗೈ ಸೋತಿತ್ತು. ಈಗ ಎಡಗೈಗೆ ತಗೋತೇನಿ, ನೋಡು."

ಅವರು ಹೇಳಿದ ಹೊತ್ತಿಗೇ ಸಿಂಹ ಕತ್ತು ಹೊರಳಿಸಿ ರಾಣಿಯ ಮುಖ ನೋಡಿತು. ಸೌಂದರ್ಯಾ ಆ ತುಣುಕನ್ನು ಇನ್ನೊಮ್ಮೆ ಹಾಕಿದಳು. ದಾರ ಅಳಿಸಿದಾಗ ಅದು ಬರೀ ಒಂದು ಜರ್ಕು ಎನಿಸಿತ್ತು ಅವಳಿಗೆ.

"ದಾರ ಇರ್ಲಿ," ಎಂದರು ಕರೀಮಾಬಿ.

"ನಗ್ತಾರ ಆಯೀ. ಮತ್ತ ಅಜ್ಜಾರು ಒಪ್ಪಂಗಿಲ್ಲ. ಅಳಸು ಅಂದವರ ಅವ್ರು."

ಮರುದಿನ ಇಬ್ಬರೂ ಬೆಂಗೇರಿಯಲ್ಲಿದ್ದ ಅಜ್ಜನ ಮನೆಗೆ ಹೋದರು. ಶಾಂತಯ್ಯನವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಸಾವಕಾರರ ಮಾತಿಗೆ ಎದುರಾಡಿ ಕರೀಮಾಬಿಗೆ ರೂಢಿಯಿಲ್ಲ. ಚಹಾ ಕುಡಿದು ಮುಗಿಸಿ, ಕಪ್ಪು ಕೆಳಗಿಟ್ಟು, ಬಂದ ವಿಷಯ ಹೇಳಿದರು.

"ಅವತ್ತ ಮಂದಿ ನಕ್ಕಿದ್ದು ನನಗೇನೂ ಅನಸ್ಲಿಲ್ಲ," ಎಂದರು ಶಾಂತಯ್ಯ. "ನೀವು ಬರಿಗಾಲಲೇ ಎದ್ದು ಹ್ವಾದ್ರೆಲ್ಲ, ಅದು ಅನಸ್ತು. ಮತ್ತೊಮ್ಮಿ ಹಂಗ ಆಗಬಾರ್ದು."

"ಈ ಸಲ ಏಳಂಗಿಲ್ರಿ ಸಾವ್ಕಾರ್ರ."

"ಖರೇನ?"

"ಎದ್ರ ದಾರ ಅಳಸ್ರಿ. ಬೇಕಾದ್ರ ದಾರದ ಜೋಡಿ ನನ್ನೂ ಅಳಸ್ರಿ."

ಶಾಂತಯ್ಯನವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಮೊಮ್ಮಗಳಿಗೆ, "ಇದ್ದದ್ದು ಇದ್ದಂಗ ತೋರಸವ್ವಾ," ಎಂದರು.

ಹೇಳಿ ಬಂದದ್ದೇನೋ ಆಯಿತು. ಆದರೆ ಸಿನಿಮಾ ತೋರಿಸುವ ಸಂಜೆ ಸಮುದಾಯ ಭವನದಲ್ಲಿ ಶಾಂತಯ್ಯನವರ ಪಕ್ಕ ಕೂತಾಗ ಕರೀಮಾಬಿ ಸೆರಗನ್ನು ಮತ್ತೆ ಮತ್ತೆ ತಲೆಯ ಮೇಲೆ ಎಳೆದುಕೊಂಡರು. ಹತ್ತಿಗಡ್ಡದವನು ಕೆಮ್ಮಿದ, ಜನ ನಕ್ಕರು. ತಗಡಿನ ಕತ್ತಿ ಬಾಗಿತು, ನಕ್ಕರು. ಆಮೇಲೆ ಕೆಂಪು ದಾರ ಬಿಗಿಯಾಗಿ ಸಿಂಹ ಎದ್ದಿತು. ನಗು ಹಿಂದಿನಿಂದ ಮುಂದಿನವರೆಗೆ ಉರುಳಿಕೊಂಡು ಬಂತು, ಥೇಟ್ ಅವತ್ತಿನ ಹಾಗೆ. ಅವರ ಕಾಲು ತಾನಾಗಿ ಚಪ್ಪಲಿ ಹುಡುಕಿತು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತರು.

ಪರದೆಯ ಮೇಲೆ ಮಾಂತ್ರಿಕ ಸಿಂಹದ ಬಾಲ ಹಿಡಿದು ಜಗ್ಗಿದ. ಸಿಂಹ ಕೆಳಗೆ ಜಾರಿತು. ಆಗ ಹಿಂದಿನಿಂದ ನಮ್ಮ ಓಣಿಯಲ್ಲಿ ಆಟೋ ಓಡಿಸುವ, ತಲೆ ನರೆತ ಹುಲಗಪ್ಪನ ದನಿ ಬಂತು.

"ಎಳೀ."

ಅವನ ವಯಸ್ಸಿನ ಇನ್ನೂ ನಾಲ್ಕಾರು ಮಂದಿ ದನಿಗೂಡಿಸಿದರು. "ಎಳೀ, ಎಳೀ. ಬಿಡಬ್ಯಾಡ."

ಕರೀಮಾಬಿ ಹೆದರಿ ಶಾಂತಯ್ಯನವರ ಕಡೆ ನೋಡಿದರು. ಅವರು ಬಾಗಿ ಮೆಲ್ಲಗೆ ಹೇಳಿದರು, "ಆಗ ಎರಡನೇ ದಿನದ ಆಟದಿಂದ ಹುಡುಗರು ಹಿಂಗ ಕೂಗತಿದ್ರು. ದಾರ ಹಿಡದವ್ರಿಗೆ ಹುರುಪು ಕೊಡಾಕ. ಸಿಂಹ ಬೀಳಬಾರ್ದಂತ."

"ನನಗ ಯಾಕ ಹೇಳ್ಲಿಲ್ರಿ?"

"ಹೇಳಾಕ ಬಂದ್ರ ನೀವು ಬಾಗಲಾ ತಗೀಲಿಲ್ಲ."

ಮಾಂತ್ರಿಕ ಇನ್ನೂ ಜಗ್ಗುತ್ತಲೇ ಇದ್ದ. ಈಗ ಇವತ್ತಿನ ಮಕ್ಕಳೂ ಕುರ್ಚಿಯ ಮೇಲೆ ಹತ್ತಿ ನಿಂತು ಎಳೀ ಎಂದು ಕೂಗುತ್ತಿದ್ದರು. ಕರೀಮಾಬಿಯ ಕೈ ಕುರ್ಚಿ ಬಿಟ್ಟಿತು. ಮಡಿಲಲ್ಲಿ ಮುಷ್ಟಿ ಕಟ್ಟಿತು. ಮೊದಲು ಬಲಗೈ, ಆಮೇಲೆ ಎಡಗೈ, ಮೆಲ್ಲಗೆ ತಮ್ಮ ಕಡೆಗೆ ಜಗ್ಗಿಕೊಂಡವು. ಸಿಂಹ ಎದ್ದಿತು. ಭವನವೆಲ್ಲ ಚಪ್ಪಾಳೆ.

ದೊಡ್ಡ ಸಿನಿಮಾಗಳನ್ನೂ ನಾನು ಫೋನಿನಲ್ಲಿ ನೋಡಿದ್ದೇನೆ. ಅವುಗಳಲ್ಲಿ ಸಿಂಹ ನಿಜವೇ ಎನ್ನುವಂತೆ ಹಾರುತ್ತದೆ, ನಾವು ನೋಡಲಿ ಬಿಡಲಿ. ಈ ಬಿದಿರಿನ ಸಿಂಹ ಹಾಗಲ್ಲ. ಅದನ್ನು ಹಿಡಿದವರು ಯಾರೋ ಇದ್ದಾರೆ, ಅವರ ಕೈ ಸೋಲುತ್ತದೆ ಎಂದು ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಮಂದಿಗೆ ಅದರ ಮೇಲೆ ಅಷ್ಟು ಜೀವ ಇರಬೇಕು.

ಕರೀಮಾಬಿ ಕೊನೆಯವರೆಗೂ ಕೂತಿದ್ದರು. ದೀಪ ಹತ್ತಿದ ಮೇಲೂ ಕೂತಿದ್ದರು. ಶಾಂತಯ್ಯನವರೇ, "ಇನ್ನರ ಏಳ್ರಿ," ಎನ್ನಬೇಕಾಯಿತು.

ಬರುವ ರವಿವಾರ ಸತ್ತೂರಿನಲ್ಲಿ ಮತ್ತೆ ತೋರಿಸುತ್ತಾರೆ. ಮಂದಿಯಲ್ಲಿ ಬಾಯಿ ತೆಗೆಯಲು ನನಗೆ ನಾಚಿಕೆ. ಆದರೂ ನಾನು ಹೋಗುತ್ತೇನೆ, ಸಿಂಹ ಜಾರುವಾಗ ಎಳೀ ಎಂದು ಕೂಗುತ್ತೇನೆ.